ಪಾಪಾ ಜಾನ್ ನೆನಪಿಗೆ

ಗೆಳೆಯರೇ, ಏಪ್ರಿಲ್ 26ರಂದು ಗುಂಪಿನಲ್ಲಿ ಬೇರೆ ಫಾರ್ವರ್ಡ್ ಬೇಡ. ಅದು ನಮ್ಮ ಪಾಪಾ ಜಾನ್, ಅಂದರೆ ಕರ್ನಲ್ ಜಾನ್ ವೇಕ್‌ಫೀಲ್ಡ್ ತೀರಿಕೊಂಡ ದಿನ. 1916ರಲ್ಲಿ ಗಯಾದಲ್ಲಿ ಹುಟ್ಟಿದವರು, 2010ರವರೆಗೂ ಬದುಕಿದ್ದರು.

ಹುಡುಗನಾಗಿದ್ದಾಗಲೇ ಹುಲಿ ಹೊಡೆದವರು. ಸೇನೆ ಬಿಟ್ಟ ಮೇಲೆ ವಿದೇಶಿಯರಿಗೆ ಶಿಕಾರಿ ಏರ್ಪಾಡು ಮಾಡಿಕೊಡುತ್ತಿದ್ದರು. ಅದನ್ನು ಮುಚ್ಚಿಡೋದು ಬೇಡ. ಅದೇ ಮನುಷ್ಯ ಬಂದೂಕು ಕೆಳಗಿಟ್ಟು, ಕಬಿನಿ ದಡದ ಕಾರಾಪುರದಲ್ಲಿ ಸರ್ಕಾರದ ಕಾಡು ಪ್ರವಾಸ ಸಂಸ್ಥೆ ಜಂಗಲ್ ಲಾಡ್ಜಸ್ ಬೆಳೆಸಿ, ಕಾಡು ನೋಡೋಕೆ ಜನರನ್ನು ಕರೆದರು. ನನಗೆ ಅವರ ಮೇಲೆ ಪ್ರೀತಿ ಜಾಸ್ತಿಯಾಗೋದು ಇಲ್ಲೇ.

ಏಪ್ರಿಲ್‌ನಲ್ಲಿ ಹಿನ್ನೀರು ಇಳಿದು, ಎಳೇ ಹುಲ್ಲು ಎದ್ದು, ಆನೆಗಳು ಮರಿ ಸಮೇತ ದಡಕ್ಕೆ ಬರುತ್ತವೆ. ಅಂಥ ಸಂಜೆ ಅವರ ಬಾಯಿಂದ ಕಥೆ ಕೇಳಿದವರು ನಮ್ಮಲ್ಲೂ ಇದ್ದೀರಿ, ಅಲ್ವಾ? ಎರಡು ಸಾಲು ಬರೆಯಿರಿ, ಇಲ್ಲಾಂದ್ರೆ ವಾಯ್ಸ್ ನೋಟ್ ಕಳಿಸಿ. ಹಳೇ ಫೋಟೋ ಇದ್ದರೆ ಹಿಂದಿನ ದಿನವೇ ಹಾಕಿ.