ಟಾಮ್-ಶಿವ್ ಸಂಸಾರ ಸೈಡ್ ಟ್ರ್ಯಾಕ್ ಅಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣೀಲಿ ಅಮೆರಿಕಾದ ಸಕ್ಸೆಷನ್ ಟೀವಿ ಸೀರೀಸ್ ಬಗ್ಗೆ ಬಂದ ಲೇಖನ ಓದಿದೆ, ಎರಡು ಸಲ ಓದಿದೆ. ಅಪ್ಪನ ಕಂಪನಿ ಯಾರ ಕೈಗೆ ಹೋಗುತ್ತೆ, ಮಕ್ಕಳು ಹೆಂಗೆ ಒಬ್ಬರ ಕಾಲು ಒಬ್ಬರು ಎಳೀತಾರೆ ಅನ್ನೋದನ್ನೆಲ್ಲಾ ಚೆನ್ನಾಗೇ ಬರೆದಿದ್ದಾರೆ, ಅದರಲ್ಲಿ ನನ್ನ ತಕರಾರಿಲ್ಲ. ಆದ್ರೆ ಆ ಮನೆ ಅಳಿಯ ಟಾಮ್ ಮತ್ತೆ ಮಗಳು ಶಿವ್, ಆ ಗಂಡ ಹೆಂಡ್ತಿ ಕಥೇನ ಬರೀ ಸೈಡ್ ಟ್ರ್ಯಾಕ್ ಅಂತ ಒಂದೇ ಸಾಲಲ್ಲಿ ಮುಗಿಸಿ, ಟಾಮ್ ಉಂಡ ಮನೆಗೆ ಎರಡು ಬಗೆದ ಅಳಿಯ ಅನ್ನೋ ಅರ್ಥದಲ್ಲಿ ಬರೆದಿದ್ದು ಸರಿ ಕಾಣಲಿಲ್ಲ. ಸರಿ ಕಾಣಲಿಲ್ಲ ಅನ್ನೋದಕ್ಕಿಂತ ನೋವಾಯ್ತು ಅಂತಾನೇ ಹೇಳ್ತೀನಿ, ಯಾಕಂದ್ರೆ ನಾನೂ ಗಂಡನ ಮನೆ ಬಿಸಿನೆಸ್‌ನಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವಳು.

2018ರ ಜೂನ್‌ನಿಂದ 2023ರ ಮೇವರೆಗೆ ನಾಲ್ಕು ಸೀಸನ್, 39 ಎಪಿಸೋಡ್, ಎಲ್ಲಾ ನೋಡಿದ್ದೀನಿ. ಒಂದು ವಿಷಯ ಲೇಖಕರ ಕಣ್ಣು ತಪ್ಪಿದೆ ಅನ್ಸುತ್ತೆ. ಅಪ್ಪ ಲೋಗನ್ ರಾಯ್ ಕಂಪನೀನ ಮಾರೋಕೆ ಹೊರಟಾಗ ಮಕ್ಕಳ ಕೈಲಿ ತಡೆಯೋ ಶಕ್ತಿ ಇತ್ತಲ್ಲ, ಅದು ಎಲ್ಲಿಂದ ಬಂತು? ಅವರ ತಾಯಿ ಕ್ಯಾರೊಲಿನ್‌ಗೆ ಲೋಗನ್ ಕೊಟ್ಟ ಡೈವೋರ್ಸ್‌ನ ಒಪ್ಪಂದದಿಂದ. ಆ ಒಪ್ಪಂದದ ಪ್ರಕಾರ ಮಕ್ಕಳು ಒಟ್ಟಿಗೆ ನಿಂತು ಬೇಡ ಅಂದ್ರೆ ಕಂಪನಿ ಬೇರೆಯವರ ಪಾಲಾಗೋ ಹಾಗಿಲ್ಲ. ಮೂರನೇ ಸೀಸನ್ ಕೊನೇಲಿ ಶಿವ್ ಸೇರಿ ಮೂವರು ಮಕ್ಕಳೂ ಇಟಲಿಯಲ್ಲಿ ಕಾರಲ್ಲಿ ಅಪ್ಪನ ಹತ್ರ ಬರೋಷ್ಟರಲ್ಲಿ, ಅಪ್ಪ ಅಮ್ಮ ಇಬ್ಬರೂ ಸೇರಿ ಅದೇ ಒಪ್ಪಂದನ ಫೋನಲ್ಲೇ ಬದಲಾಯಿಸಿ ಆಗಿರುತ್ತೆ. ಎಂದೋ ಮುರಿದುಬಿದ್ದ ಮದುವೆ ಪತ್ರವೇ ಅಷ್ಟು ದೊಡ್ಡ ಕಂಪನಿ ಹಣೆಬರಹ ಬರೀತು ಅಂದ ಮೇಲೆ, ಸಂಸಾರದ ಕಥೆ ಬೇರೆ ಬಿಸಿನೆಸ್ ಕಥೆ ಬೇರೆ ಅಂತ ಹೆಂಗೆ ವಿಂಗಡಿಸೋದು?

ಇನ್ನು ಟಾಮ್ ವಿಚಾರ. ಮಾರಾಟ ತಡೆಯೋ ಹೆಂಡ್ತಿ ಪ್ಲಾನನ್ನ ಅವನು ಮಾವನಿಗೆ ಮುಟ್ಟಿಸಿದ್ದು ನಿಜ, ತಪ್ಪೇ, ಆದ್ರೆ ಅಲ್ಲಿಗೆ ಅವನು ಹೆಂಗೆ ಬಂದ ಅನ್ನೋದನ್ನೂ ಬರೀಬೇಕಲ್ವಾ. ಮೊದಲ ಸೀಸನ್ ಕೊನೇಲಿ ಇಂಗ್ಲೆಂಡಿನ ಕೋಟೆಯಲ್ಲಿ ಮದುವೆ, ಅವತ್ತು ರಾತ್ರೀನೇ ಶಿವ್ ಹೇಳ್ತಾಳೆ ಒಬ್ಬನಿಗೇ ಕಟ್ಟುಬಿದ್ದು ಇರೋ ಮದುವೆ ನನಗೆ ಹೊಂದೋದಿಲ್ಲ ಅಂತ. ಎರಡನೇ ಸೀಸನ್ ಕೊನೇಲಿ ಇಡೀ ಕುಟುಂಬ ಹಡಗಿನ ಮೇಲೆ ಕೂತು ಕಂಪನೀಲಿ ಆದ ಹಗರಣಕ್ಕೆ ಯಾರ ತಲೆ ಕೊಡೋಣ ಅಂತ ಚರ್ಚೆ ಮಾಡ್ತಿರುತ್ತೆ, ಆಗ ಟಾಮ್ ಹೆಸರು ಮುಂದಿಡೋದು ಹೆಂಡ್ತೀನೇ. ಅವನು ಅಲ್ಲೇ ಕೂತಿರ್ತಾನೆ ಕಣ್ರೀ, ಎದುರಿಗೇ. ಆಮೇಲೆ ಕಡಲ ದಡದಲ್ಲಿ ಅವಳ ಹತ್ರ ಮನಸ್ಸು ಬಿಚ್ಚಿ ಮಾತಾಡ್ತಾನೆ, ನಿನ್ನ ಜೊತೆ ಇರೋ ದುಃಖ ದೊಡ್ಡದಾ ನೀನಿಲ್ಲದೆ ಇರೋ ದುಃಖ ದೊಡ್ಡದಾ ಅನ್ನೋ ಅರ್ಥದಲ್ಲಿ, ಹಡಗಿಗೆ ವಾಪಸ್ ಬಂದವನೇ ಮಾವನ ತಟ್ಟೆಯಿಂದ ಚಿಕನ್ ಎತ್ಕೊಂಡು ತಿಂದುಬಿಡ್ತಾನೆ. ನೋಡೋರಿಗೆ ನಗು ಬರಬಹುದು, ನನಗೆ ಬರಲಿಲ್ಲ. ವರ್ಷಗಟ್ಟಲೆ ತಗ್ಗಿ ನಡೆದ ಮನುಷ್ಯ ಮೊದಲ ಸಲ ಎದ್ದು ನಿಂತಿದ್ದು, ಅದೂ ಇಷ್ಟೇ ಇಷ್ಟು. ಮೂರನೇ ಸೀಸನ್‌ನಲ್ಲಿ ಬಹಳ ಹೊತ್ತು ಆ ಹಗರಣಕ್ಕೆ ಜೈಲಿಗೆ ಹೋಗ್ತೀನೇನೋ ಅಂತ ಒದ್ದಾಡ್ತಾನೆ, ಪಕ್ಕದಲ್ಲೇ ಮಲಗೋ ಹೆಂಡ್ತಿಗೆ ಆ ಭಯ ಕೇಳಿಸ್ಕೊಳ್ಳೋಕೂ ಪುರುಸೊತ್ತಿಲ್ಲ.

ಹಂಗಂತ ಶಿವ್‌ನ ಬೈಯೋಕೆ ಈ ಪತ್ರ ಬರೀತಿಲ್ಲ. ಅವಳ ಮೇಲೂ ನನಗೆ ಸಂಕಟ ಆಗುತ್ತೆ. ನಾಲ್ಕನೇ ಸೀಸನ್‌ನಲ್ಲಿ ಡೈವೋರ್ಸಿಗೆ ವಕೀಲರನ್ನ ಹುಡುಕೋಕೆ ಹೋದ್ರೆ ಒಳ್ಳೊಳ್ಳೆ ವಕೀಲರನ್ನೆಲ್ಲಾ ಟಾಮ್ ಆಗ್ಲೇ ಮಾತಾಡಿಸಿ ಆಗಿರುತ್ತೆ, ಹಾಗಾಗಿ ಅವರು ಇವಳ ಕೇಸ್ ತಗೊಳ್ಳೋ ಹಾಗಿಲ್ಲ. ಆ ಬುದ್ಧಿ ಹೇಳ್ಕೊಟ್ಟಿದ್ದು ಯಾರು? ಅವಳ ಸ್ವಂತ ಅಪ್ಪ! ಹಿಂದೆ ಅವಳ ಅಮ್ಮನ ಮೇಲೆ ಮಾಡಿದ ಕೆಲಸಾನೇ ಈಗ ಮಗಳ ಮೇಲೆ. ಅಂಥ ಮನೇಲಿ ಬೆಳೆದ ಹುಡುಗಿಗೆ ನಂಬಿಕೆ ಅನ್ನೋದು ಎಲ್ಲಿಂದ ಬರ್ಬೇಕು? ಮುಂದೆ ಬಸುರಿ ಅಂತ ಅವಳು ಟಾಮ್‌ಗೆ ಹೇಳಿದಾಗ ಅವನ ಬಾಯಲ್ಲಿ ಮೊದಲು ಬರೋ ಮಾತು ಇದು ನಿಜಾನಾ ಇಲ್ಲ ಇದೂ ಒಂದು ತಂತ್ರಾನಾ ಅನ್ನೋದು. ಇಬ್ಬರೂ ಕೆಟ್ಟೋರು ಅಂತಲ್ಲ, ಆಫೀಸಿನ ಭಾಷೆ ಬಿಟ್ಟು ಬೇರೆ ಭಾಷೆ ಅವರ ಮಧ್ಯೆ ಉಳಿದಿಲ್ಲ.

ಇದನ್ನ ನಾನು ಖಂಡಿತವಾಗಿ ಹೇಳಬಲ್ಲೆ. ನಮ್ಮದು ಪಾಲುದಾರಿಕೆ ವ್ಯವಹಾರ, ನಮ್ಮ ಯಜಮಾನ್ರು, ಭಾವನವರು, ಮಾವನವರು ಮೂರು ಜನ ಪಾರ್ಟ್‌ನರ್‌ಗಳು. ಅಣ್ಣ ತಮ್ಮ ಮಾತು ಬಿಟ್ಟ ಮೇಲೆ ರಾತ್ರಿ ಲೈಟ್ ಆರಿಸಿದ ತಕ್ಷಣ ಯಜಮಾನ್ರು ಕೇಳೋ ಮೊದಲ ಪ್ರಶ್ನೆ, ಇವತ್ತು ಅತ್ತಿಗೆ ಏನಾದ್ರೂ ಹೇಳಿದ್ರಾ, ಯಾವ ಚೆಕ್ ಹೋಯ್ತು. ನನಗೆ ಜ್ವರ ಬಂದಿದ್ದ ದಿನಾನೂ ಅದೇ ಪ್ರಶ್ನೆ. ನಾನೂ ಓರಗಿತ್ತೀನೂ ಒಂದೇ ಟೇಬಲ್‌ನ ಎರಡು ಬದಿ ಕೂರ್ತಿದ್ವಿ, ನಡುವೆ ಒಂದೇ ಸ್ಟಾಂಪ್ ಪ್ಯಾಡ್, ಸೀಲು ಒತ್ತಿ ಒತ್ತಿ ಇಬ್ಬರ ಬೆರಳಿಗೂ ನೇರಳೆ ಇಂಕು. ಅವರಿಗೂ ಮನೇಲಿ ಇದೇ ಪ್ರಶ್ನೆ ಕೇಳ್ತಾರೆ ಅಂತ ನನಗೆ ಗೊತ್ತಿತ್ತು, ನನಗೂ ಕೇಳ್ತಾರೆ ಅಂತ ಅವರಿಗೆ ಗೊತ್ತಿತ್ತು, ಆದ್ರೂ ಒಂದು ದಿನಾನೂ ಇಬ್ಬರೂ ಬಾಯಿ ಬಿಡಲಿಲ್ಲ. ಪಾಲು ಆದ ದಿನ ಉಳಿದ ಲೆಟರ್‌ಹೆಡ್ಡನ್ನೆಲ್ಲಾ ಕಾಲು ಕಾಲು ಹಾಳೆಯಾಗಿ ಕತ್ತರಿಸಿ ಮಕ್ಕಳಿಗೆ ಲೆಕ್ಕ ಮಾಡೋಕೆ ಅಂತ ಇಬ್ಬರೂ ಅರ್ಧ ಅರ್ಧ ಹಂಚ್ಕೊಂಡ್ವಿ, ನಮ್ಮ ಮಧ್ಯೆ ಆದ ಪಾಲು ಅಂದ್ರೆ ಅದೊಂದೇ. ವ್ಯವಹಾರದ ಜಗಳ ಆಡಿಟರ್ ಮುಂದೆ ಮುಗೀತು, ಆ ರಾತ್ರಿ ಪ್ರಶ್ನೆಗಳಿಂದ ನನಗೂ ಯಜಮಾನ್ರಿಗೂ ಮಧ್ಯೆ ಆದ ದೂರ ಕಮ್ಮಿ ಆಗೋಕೆ ತುಂಬಾ ವರ್ಷ ಹಿಡೀತು.

ಇದೇನು ಹೊಸದಲ್ಲ. 1978ರಲ್ಲಿ ಶುರುವಾದ ಡಲ್ಲಾಸ್ ಸೀರೀಸ್ ಎಣ್ಣೆ ಬಾವಿ ಕುಟುಂಬದ ಕಥೆ, ಆ ಮನೆ ದೊಡ್ಡ ಮಗ ಜೆ.ಆರ್.ಗೆ ಗುಂಡು ಹೊಡೆದಿದ್ದು ಯಾರು ಅಂತ 1980ರಲ್ಲಿ ಅಮೆರಿಕಾ ಪೂರ್ತಿ ತಲೆ ಕೆಡಿಸ್ಕೊಂಡಿತ್ತು. ವ್ಯವಹಾರದಲ್ಲಿ ಅವನಿಗೆ ಶತ್ರುಗಳು ಕಮ್ಮಿ ಇರಲಿಲ್ಲ, ಆದ್ರೆ ಗುಂಡು ಹೊಡೆದವಳು ಹೆಂಡ್ತಿ ತಂಗಿ, ಅದಕ್ಕೆ ಮುಂಚೆ ಅನುಮಾನ ಬಿದ್ದಿದ್ದು ಹೆಂಡ್ತಿ ಮೇಲೆ. ಸಕ್ಸೆಷನ್‌ಗೆ ಬಂದ ಎಮ್ಮಿ, ಅಂದ್ರೆ ಅಮೆರಿಕಾದ ಟೀವಿ ಪ್ರಶಸ್ತಿಗಳನ್ನೇ ನೋಡಿ, ಟಾಮ್ ಪಾತ್ರದ ಮ್ಯಾಥ್ಯೂ ಮ್ಯಾಕ್‌ಫೇಡನ್‌ಗೆ ಪೋಷಕ ನಟ ಅಂತ ಎರಡು ಸಲ, ಶಿವ್ ಪಾತ್ರದ ಸಾರಾ ಸ್ನೂಕ್‌ಗೆ 2024ರ ಜನವರಿ ಸಮಾರಂಭದಲ್ಲಿ ಶ್ರೇಷ್ಠ ನಟಿ. ಸೈಡ್ ಟ್ರ್ಯಾಕ್‌ಗೆ ಯಾರಾದ್ರೂ ಇಷ್ಟು ಕೊಡ್ತಾರಾ?

ಲೇಖಕರು ಮತ್ತೊಂದು ಸಲ ನೋಡೋದಾದ್ರೆ ಎರಡೇ ಸೀನ್ ನೋಡಲಿ. ನಾಲ್ಕನೇ ಸೀಸನ್ ಮೊದಲ ಎಪಿಸೋಡ್ ಕೊನೇಲಿ, ಬೇರೆ ಆಗೋಣ ಅಂತ ತೀರ್ಮಾನ ಆದ ಮೇಲೆ ಇಬ್ಬರೂ ಹಾಸಿಗೆ ಮೇಲೆ ಪಕ್ಕ ಪಕ್ಕ ಮಲಗಿ ಕೈ ಹಿಡ್ಕೊಂಡಿರ್ತಾರೆ, ಹತ್ತಿರದವರು ಬಿಟ್ಟು ಹೋಗ್ತಿರೋ ಥರ. ಆಮೇಲೆ ಕೊನೇ ಎಪಿಸೋಡ್. ಶಿವ್ ಓಟಿನಿಂದಲೇ ಅಣ್ಣ ಕೆಂಡಲ್ ಸೋತು, ಕಂಪನಿ ಮಾರಾಟ ಆಗಿ, ಹೊಸ ಮಾಲೀಕನ ಕೈಕೆಳಗೆ ಟಾಮ್ ಸಿಇಒ ಆಗಿರ್ತಾನೆ. ಕಾರಲ್ಲಿ ಅವನು ಅಂಗೈ ಮೇಲೆ ಮಾಡಿ ಚಾಚ್ತಾನೆ, ಅವಳು ಅದರ ಮೇಲೆ ತನ್ನ ಕೈ ಇಡ್ತಾಳೆ ಅಷ್ಟೇ, ಬೆರಳು ಮಡಚಲ್ಲ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲ್ಲ. ಮದುವೆ ಮುರೀವಾಗ ಹಿಡಿದಿದ್ದ ಕೈ ಮದುವೆ ಉಳಿದಾಗ ಹಿಡಿಯೋಕೆ ಆಗ್ಲಿಲ್ಲ. ಆ ಸೀನ್ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ದಯವಿಟ್ಟು ಮುಂದಿನ ಸಲ ಇಂಥ ಸೀರೀಸ್ ಬಗ್ಗೆ ಬರೆಸುವಾಗ ಅದಕ್ಕೂ ಜಾಗ ಕೊಡಿ.

ಇಂತಿ,
ನಿಮ್ಮ ಕಾಯಂ ಓದುಗಳು