ಬೆಲೆಯ ಅಂಕಿ ದೊಡ್ಡದಾಗಿ ಕಾಣುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಹೋದ ವಾರ, ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾರುವ ನಮ್ಮ ವೆಬ್‌ಸೈಟ್ ತೆರೆದವರಲ್ಲಿ ಹಲವರು ಒಂದೇ ಮಾತು ಬರೆದು ಕಳಿಸಿದ್ದೀರಿ: "ಸದ್ದಿಲ್ಲದೆ ಬೆಲೆ ಏರಿಸಿಬಿಟ್ಟಿರಲ್ಲ!" ಒಬ್ಬರಂತೂ ಹಳೆಯ ಬಿಲ್ಲಿನ ಫೋಟೋವನ್ನೂ ಹೊಸ ಪುಟದ ಫೋಟೋವನ್ನೂ ಪಕ್ಕಪಕ್ಕ ಇಟ್ಟು ಕಳಿಸಿದ್ದಾರೆ. ಆ ಬಿಲ್ಲಿನ ಕೊನೆಯ ಸಾಲಿನವರೆಗೂ ಓದಿದ್ದರೆ ಅವರಿಗೇ ಉತ್ತರ ಸಿಗುತ್ತಿತ್ತು. ಇರಲಿ, ತಪ್ಪು ಅವರದಲ್ಲ. ಒಂದು ಮಾತು ಹೇಳದೆ ಪುಟ ಬದಲಿಸಿದ್ದು ನಾವು. ಅದಕ್ಕೆ ಕ್ಷಮೆ ಕೇಳುತ್ತೇವೆ.

ಬೆಲೆ ಏರಿಲ್ಲ. ಮೊದಲು ನೋಟ್‌ಬುಕ್‌ನ ಚಿತ್ರದ ಪಕ್ಕ ಬರೀ ನೋಟ್‌ಬುಕ್‌ನ ಬೆಲೆ ಇರುತ್ತಿತ್ತು. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ತುಂಬಿಸಿ ಕೊನೆಯ ಪುಟಕ್ಕೆ ಬಂದ ಮೇಲೆ ಡೆಲಿವರಿ ಚಾರ್ಜ್ ಬಂದು ಸೇರಿಕೊಳ್ಳುತ್ತಿತ್ತು. ಈಗ ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ, ನಿಮ್ಮ ಮನೆ ತಲುಪುವವರೆಗಿನ ಒಟ್ಟು ಮೊತ್ತ ಕಾಣುತ್ತದೆ. ಅದರ ಕೆಳಗೆ ನೋಟ್‌ಬುಕ್‌ಗೆ ಎಷ್ಟು, ಕೊರಿಯರ್‌ಗೆ ಎಷ್ಟು ಎಂದು ಬಿಡಿಸಿ ಬರೆದಿದ್ದೇವೆ. ಒಂದೇ ನೋಟ್‌ಬುಕ್ ತರಿಸುವವರಿಗೆ ಒಟ್ಟು ಮೊತ್ತ ಮೊದಲಿಗಿಂತ ಸ್ವಲ್ಪ ಇಳಿದೇ ಇದೆ. ಹೇಗೆ ಇಳಿಯಿತು ಎನ್ನುವುದು ದೊಡ್ಡ ಕತೆ, ಮುಂದೆ ಹೇಳುತ್ತೇವೆ.

ಯಾಕೆ ಬದಲಿಸಬೇಕಾಯಿತು? ನಮ್ಮ ಅಂಗಡಿಗೆ ಬರುವವರಿಗೇನೂ ಕೊರತೆ ಇರಲಿಲ್ಲ. ಬರುತ್ತಾರೆ, ನೋಡುತ್ತಾರೆ, ಒಂದು ನೋಟ್‌ಬುಕ್ ಆರಿಸಿ ಕಾರ್ಟ್‌ಗೂ ಹಾಕುತ್ತಾರೆ. ಆಮೇಲೆ ಮಾಯ. ರಟ್ಟಿನ ಬಣ್ಣ ಹಿಡಿಸಲಿಲ್ಲವೇನೋ ಎಂದು ಹೊಸ ಬಣ್ಣ ತಂದೆವು. ಜನ ಸಾಲದೇನೋ ಎಂದು ಜಾಹೀರಾತಿಗೆ ಹಣ ಸುರಿದೆವು. ತೂತು ಕೊಡಕ್ಕೆ ನೀರು ಹೊತ್ತಂತಾಯಿತು.

ಕೊನೆಗೆ ಐದು ಜನರನ್ನು ಕರೆದು ಕೂರಿಸಿದೆವು. ಐದೇ ಯಾಕೆ ಅಂದರೆ, ಜೇಕಬ್ ನೀಲ್ಸನ್ ಎಂಬ ವೆಬ್‌ಸೈಟ್ ಬಳಕೆಯ ತಜ್ಞರು 2000ದಲ್ಲೇ ಬರೆದಿದ್ದಾರೆ: ಐದು ಜನ ಬಳಸುವುದನ್ನು ಪಕ್ಕದಲ್ಲಿ ಕೂತು ನೋಡಿದರೆ ವೆಬ್‌ಸೈಟಿನ ಹೆಚ್ಚಿನ ತೊಡಕುಗಳು ಸಿಕ್ಕಿಬೀಳುತ್ತವೆ. ಐವರ ಕೈಗೂ ಫೋನ್ ಕೊಟ್ಟು, "ಒಂದು ನೋಟ್‌ಬುಕ್ ಕೊಂಡುಕೊಳ್ಳಿ" ಎಂದಷ್ಟೇ ಹೇಳಿದೆವು. ನಾವು ನಡುವೆ ಬಾಯಿ ಹಾಕಬಾರದು ಎನ್ನುವುದು ನಿಯಮ. ನಾವೇ ಕಟ್ಟಿದ ಅಂಗಡಿಯಲ್ಲಿ ಇನ್ನೊಬ್ಬರು ದಾರಿ ತಪ್ಪುವುದನ್ನು ಸುಮ್ನೆ ಕೂತು ನೋಡುವುದಿದೆಯಲ್ಲ, ಅದರಷ್ಟು ಹಿಂಸೆ ಬೇರೆ ಇಲ್ಲ. ಒಬ್ಬರು ನೋಟ್‌ಬುಕ್ ಎಷ್ಟು ದೊಡ್ಡದು ಎಂದು ತಿಳಿಯದೆ ಚಿತ್ರವನ್ನು ಎಳೆದೆಳೆದು ನೋಡಿದರು. ಇನ್ನೊಬ್ಬರು ಪಾಸ್‌ವರ್ಡ್ ಕೇಳಿದ ಕಡೆ ನಿಂತೇಬಿಟ್ಟರು. ಮೂವರು ಮಾತ್ರ ಕೊನೆಯ ಪುಟ ಮುಟ್ಟಿದರು. ಆ ಮೂವರ ಬಾಯಲ್ಲೂ ಒಂದೇ ಉದ್ಗಾರ: "ಓ, ಇದು ಬೇರೆ ಇದೆಯಾ?"

ಆನ್‌ಲೈನ್ ಅಂಗಡಿಗಳ ಬಗ್ಗೆ ಸಂಶೋಧನೆ ಮಾಡುವ ಡೆನ್ಮಾರ್ಕ್‌ನ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ಲೆಕ್ಕ ಕೊಡುತ್ತದೆ. ಕಾರ್ಟ್‌ಗೆ ಸಾಮಾನು ಹಾಕಿದ 10 ಜನರಲ್ಲಿ ಸುಮಾರು 7 ಜನ ಕೊಳ್ಳದೆ ಹೋಗುತ್ತಾರಂತೆ. ಸುಮ್ಮನೆ ನೋಡಲು ಬಂದವರನ್ನು ಬಿಟ್ಟರೆ, ಉಳಿದವರು ಕೊಡುವ ಮೊದಲ ಕಾರಣ ಡೆಲಿವರಿ, ತೆರಿಗೆ, ಅದು ಇದು ಎಂದು ಮೇಲೆ ಬೀಳುವ ಖರ್ಚು. ಅದನ್ನು ಓದಿದಾಗ ನಮ್ಮೊಬ್ಬರದೇ ಗೋಳಲ್ಲ ಎಂದು ಸಮಾಧಾನವಾಯಿತು. ಮರುಕ್ಷಣವೇ ನಾಚಿಕೆಯೂ ಆಯಿತು. ಇಷ್ಟು ವರ್ಷ ನಾವು ಮಾಡಿದ್ದೂ ಅದನ್ನೇ ಅಲ್ವಾ?

ಈಗ ನೀವೆಲ್ಲ ಕೇಳುವ ಪ್ರಶ್ನೆಗೆ ಬರುತ್ತೇವೆ. "ದೊಡ್ಡ ಅಂಗಡಿಗಳು ಫ್ರೀ ಡೆಲಿವರಿ ಕೊಡುತ್ತವೆ, ನಿಮಗೇನು ಕಷ್ಟ?" ಈ ಪ್ರಶ್ನೆಗೆ ಪ್ರತಿ ಸಲವೂ ಎರಡು ಸಾಲಿನಲ್ಲಿ ಉತ್ತರ ಬರೆದು ಸಾಕಾಗಿದೆ. ಇವತ್ತು ಪೂರ್ತಿ ಬರೆಯುತ್ತೇವೆ, ದಯವಿಟ್ಟು ತಾಳ್ಮೆಯಿಂದ ಓದಿ.

ನಮ್ಮ ಎ5 ನೋಟ್‌ಬುಕ್ 148 ಮಿ.ಮೀ. ಅಗಲ, 210 ಮಿ.ಮೀ. ಉದ್ದ. ಒಳಗೆ 100 ಜಿಎಸ್‌ಎಂ ಕಾಗದದ 80 ಹಾಳೆ. 100 ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ 100 ಗ್ರಾಂ ತೂಗುತ್ತದೆ ಎಂದರ್ಥ. ಆ ಲೆಕ್ಕದಲ್ಲಿ ನಮ್ಮ ಹಾಳೆಗಳ ತೂಕ ಸುಮಾರು 250 ಗ್ರಾಂ. ರಟ್ಟು, ದಾರ, ಡಬ್ಬ ಎಲ್ಲ ಸೇರಿಸಿದರೂ ಅರ್ಧ ಕೆ.ಜಿ. ಆಗುವುದಿಲ್ಲ. ಹಾಗಿದ್ದರೆ ಅರ್ಧ ಕೆ.ಜಿ. ದರವೇ ಬೀಳಬೇಕು ತಾನೇ? ನಾವೂ ಹಾಗೇ ಅಂದುಕೊಂಡಿದ್ದೆವು.

ಕೊರಿಯರ್‌ನವರು ತಕ್ಕಡಿಯನ್ನು ಮಾತ್ರ ನಂಬುವುದಿಲ್ಲ. ಡಬ್ಬ ಗಾಡಿಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಮೂರನ್ನೂ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಉತ್ತರ ಕೆ.ಜಿ.ಯಲ್ಲಿ 'ವಾಲ್ಯುಮೆಟ್ರಿಕ್' ತೂಕ. ತಕ್ಕಡಿಯ ತೂಕ, ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ನಮ್ಮ ಹಳೆಯ ಡಬ್ಬ 24, 18, 6 ಸೆಂ.ಮೀ. ಗುಣಿಸಿದರೆ 2592. ಭಾಗಿಸಿದರೆ 0.518. ಅಂದರೆ ಅರ್ಧ ಕೆ.ಜಿ.ಗಿಂತ 18 ಗ್ರಾಂ ಹೆಚ್ಚು. ಅರ್ಧ ಕೆ.ಜಿ. ದಾಟಿದರೆ ನಮ್ಮ ಕೊರಿಯರ್‌ನಲ್ಲಿ ಪೂರ್ತಿ ಒಂದು ಕೆ.ಜಿ. ದರ. ಆ 18 ಗ್ರಾಂ ಎಂದರೆ ನಮ್ಮ ನೋಟ್‌ಬುಕ್‌ನ ಆರು ಹಾಳೆಯಷ್ಟು ತೂಕ. ಹಾಳೆಯಾಗಿದ್ದರೆ ಬೇಜಾರಿರಲಿಲ್ಲ, ಬರೆಯಬಹುದಿತ್ತು. ಡಬ್ಬದೊಳಗಿನ ಗಾಳಿಗೆ ನೀವೂ ನಾವೂ ಸೇರಿ ದುಡ್ಡು ಕಟ್ಟುತ್ತಿದ್ದೆವು.

ಇದು ಗೊತ್ತಾದ ದಿನ ನಮ್ಮಲ್ಲಿ ಸಣ್ಣ ಜಗಳವೇ ಆಯಿತು. ಆ ಡಬ್ಬ ಆರಿಸಿದ್ದು ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಹೊಸ ಡಬ್ಬ 23, 17, 5 ಸೆಂ.ಮೀ. ಲೆಕ್ಕ ಹಾಕಿದರೆ 0.391. ಅರ್ಧ ಕೆ.ಜಿ. ಒಳಗೇ ನಿಂತಿತು. ಮೇಲೆ ಹೇಳಿದ ಇಳಿತ ಬಂದದ್ದು ಇಲ್ಲಿಂದಲೇ. ಉಳಿದದ್ದನ್ನು ನಾವು ಜೇಬಿಗೆ ಹಾಕಿಕೊಂಡಿಲ್ಲ, ನಿಮಗೇ ಬಿಟ್ಟಿದ್ದೇವೆ.

"ಕೊರಿಯರ್ ಖರ್ಚನ್ನು ಬೆಲೆಯೊಳಗೆ ಸೇರಿಸಿ ಫ್ರೀ ಎಂದು ಬರೆದುಬಿಡಿ, ಎಲ್ಲರೂ ಮಾಡುವುದು ಅದನ್ನೇ" ಎಂದು ಹಿತೈಷಿಗಳು ಹೇಳಿದರು. ಮಾಡಬಹುದಿತ್ತು. ಆದರೆ ಆಗ ಎರಡು ನೋಟ್‌ಬುಕ್ ಕೊಳ್ಳುವವರು ಒಂದೇ ಡಬ್ಬಕ್ಕೆ ಎರಡು ಸಲ ಕೊರಿಯರ್ ಖರ್ಚು ಕೊಟ್ಟಂತಾಗುತ್ತದೆ. ಇಷ್ಟು ಕಾಲದಿಂದ ವರ್ಷಕ್ಕೆ ನಾಲ್ಕೈದು ಒಟ್ಟಿಗೆ ತರಿಸುವವರು ನೀವು. ನಿಮ್ಮಿಂದಲೇ ವಸೂಲು ಮಾಡಿ, ಹೊಸಬರ ಮುಂದೆ ಫ್ರೀ ಎಂದು ಬೋರ್ಡು ಹಾಕಲು ಕೈ ಬರಲಿಲ್ಲ. ದೊಡ್ಡವರ ವಿಷಯ ಬೇರೆ. ದಿನಕ್ಕೆ ಸಾವಿರಗಟ್ಟಲೆ ಪಾರ್ಸೆಲ್ ಕಳಿಸುವವರಿಗೆ ಸಿಗುವ ದರ ನಮಗೆ ಕನಸಿನಲ್ಲೂ ಸಿಗುವುದಿಲ್ಲ. ಅವರಲ್ಲೂ ಯಾರೂ ಪುಕ್ಕಟೆ ಹೊರುವುದಿಲ್ಲ. ಆ ಖರ್ಚು ಎಲ್ಲೋ ಒಂದು ಕಡೆ ಕೂತಿರುತ್ತದೆ, ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೇ.

ಇನ್ನೊಂದು ಸಲಹೆ ಬಂತು: ಕಾಗದ ತೆಳುವಾಗಿಸಿ, ತೂಕ ಇಳಿಯುತ್ತದೆ. ಅದೊಂದನ್ನು ಮಾತ್ರ ಕೇಳಬೇಡಿ. ಇಂಕ್ ಪೆನ್ನಿನಲ್ಲಿ ಬರೆದರೆ ಹಿಂಬದಿಗೆ ಇಳಿಯುವ ಕಾಗದಕ್ಕೆ ಮೇಣದ ದಾರ ಹಾಕಿ ಹೊಲಿಯುವ ಕೆಲಸ ನಮಗೆ ಬೇಡ.

ವಾಪಸ್ ಬರುವ ಪಾರ್ಸೆಲ್ ಬಗ್ಗೆಯೂ ಒಂದು ಮಾತು. ವಿಳಾಸ ತಪ್ಪಿ ಹಿಂದೆ ಬಂದರೆ ಹೋಗುವ ಖರ್ಚಿನ ಜೊತೆ ಬರುವ ಖರ್ಚೂ ನಮ್ಮದೇ. ನಿಮ್ಮ ಹಣವನ್ನು ಪೂರ್ತಿ ಹಿಂತಿರುಗಿಸಿದರೂ, ಪೇಮೆಂಟ್ ಗೇಟ್‌ವೇಯವರು (ಆನ್‌ಲೈನಿನಲ್ಲಿ ನೀವು ಕಟ್ಟಿದ ಹಣವನ್ನು ನಮಗೆ ತಲುಪಿಸುವವರು) ಮೊದಲು ಹಿಡಿದುಕೊಂಡ ಕಮಿಷನ್ ನಮಗೆ ವಾಪಸ್ ಬರುವುದಿಲ್ಲ. ಇದನ್ನು ದೂರುತ್ತಿಲ್ಲ (ಸರಿ, ಸ್ವಲ್ಪ ದೂರುತ್ತಿದ್ದೇವೆ). ಮನೆ ನಂಬರ್ ಒಮ್ಮೆ ಸರಿ ನೋಡಿಕೊಳ್ಳಿ ಎಂದು ಕೇಳುವುದಕ್ಕೆ ಇಷ್ಟು ಹೇಳಿದೆವು.

ಉಳಿದ ಬದಲಾವಣೆಗಳು ಸಣ್ಣವು.

ಇನ್ನು ಮುಂದೆ ಕೊಳ್ಳಲು ಖಾತೆ ತೆರೆಯಬೇಕಿಲ್ಲ. ಪಾಸ್‌ವರ್ಡ್ ಮರೆತು ಎಷ್ಟೋ ಜನ ಮೂರು ಮೂರು ಖಾತೆ ತೆರೆದಿದ್ದೀರಿ, ನಮ್ಮ ಪಟ್ಟಿಯಲ್ಲಿ ಕಾಣುತ್ತದೆ. ಜಾರೆಡ್ ಸ್ಪೂಲ್ ಎಂಬ ಇನ್ನೊಬ್ಬ ವೆಬ್‌ಸೈಟ್ ಬಳಕೆಯ ತಜ್ಞರು 2009ರಲ್ಲಿ ಒಂದು ದೊಡ್ಡ ಆನ್‌ಲೈನ್ ಅಂಗಡಿಯ ಕತೆ ಬರೆದಿದ್ದರು. ಅಲ್ಲಿ 'ರಿಜಿಸ್ಟರ್' ಬಟನ್ ಕಿತ್ತು 'ಮುಂದುವರಿಯಿರಿ' ಎಂಬ ಬಟನ್ ಇಟ್ಟರು, ಖಾತೆ ಕಡ್ಡಾಯವಲ್ಲ ಎಂದು ಪಕ್ಕದಲ್ಲಿ ಬರೆದರು. ಕೊಂಡು ಮುಗಿಸುವವರು 45% ಹೆಚ್ಚಾದರು. ಅಷ್ಟು ಹಳೆಯ ಪಾಠ ನಮಗೆ ಈಗ ತಲೆಗೆ ಹತ್ತಿತು. ಹಳೆಯ ಖಾತೆ ಇರುವವರು ಹೆದರಬೇಡಿ, ನಿಮ್ಮ ಹಿಂದಿನ ಆರ್ಡರ್‌ಗಳೆಲ್ಲ ಹಾಗೇ ಇವೆ.

ಫೋಟೋಗಳನ್ನು ಹೊಸದಾಗಿ ತೆಗೆದಿದ್ದೇವೆ. ಒಂದರಲ್ಲಿ ನೋಟ್‌ಬುಕ್ ಕೈಯಲ್ಲಿದೆ, ಗಾತ್ರ ತಿಳಿಯಲಿ ಎಂದು. ಇನ್ನೊಂದರಲ್ಲಿ ಇಂಕಿನಲ್ಲಿ ಬರೆದ ಹಾಳೆಯ ಹಿಂಬದಿ ಇದೆ. ಮೊದಲು ಕ್ಯಾಮೆರಾದಿಂದ ಬಂದ ದೊಡ್ಡ ಫೈಲನ್ನೇ ಹಾಗೇ ಹಾಕಿ, ಪುಟ ತೆರೆಯಲು ನಿಮ್ಮನ್ನು ಕಾಯಿಸುತ್ತಿದ್ದೆವು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್ ಇಟ್ಟಿರುವ ಅಳತೆ. ಈಗ ಫೈಲುಗಳನ್ನು ಚಿಕ್ಕದು ಮಾಡಿ ಹಾಕಿದ್ದೇವೆ. ಹಳೆಯ ಫೋನಿನಲ್ಲಿ ಇನ್ನೂ ನಿಧಾನ ಅನ್ನಿಸಿದರೆ ತಿಳಿಸಿ.

ಗ್ರಾಹಕರ ಅಭಿಪ್ರಾಯಗಳೂ ಈಗ ಪುಟದಲ್ಲಿವೆ, ಬೈದವೂ ಸೇರಿ. "ನೀಲಿ ರಟ್ಟು ಚಿತ್ರದಲ್ಲಿ ಇದ್ದಷ್ಟು ನೀಲಿ ಇಲ್ಲ" ಎನ್ನುವುದು ಎಲ್ಲಕ್ಕಿಂತ ಮೇಲಿದೆ. ನಮ್ಮಲ್ಲಿ ಒಬ್ಬರು ಅದನ್ನು ತೆಗೆಯೋಣ ಅಂದರು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಸಂಶೋಧನಾ ಕೇಂದ್ರದವರು ಕಂಡುಕೊಂಡ ಪ್ರಕಾರ, ಪೂರ್ತಿ 5 ಸ್ಟಾರ್ ಇದ್ದಾಗ ಜನ ಜಾಸ್ತಿ ಕೊಳ್ಳುವುದಿಲ್ಲ, 4ರಿಂದ 4.7ರ ನಡುವೆ ಇದ್ದಾಗ ಜಾಸ್ತಿ ಕೊಳ್ಳುತ್ತಾರೆ. ಅದನ್ನು ತೋರಿಸಿದ ಮೇಲೆ ಅವರು ಸುಮ್ಮನಾದರು. ನೀಲಿಯ ಚಿತ್ರವನ್ನಂತೂ ಹಗಲು ಬೆಳಕಿನಲ್ಲಿ ಮತ್ತೆ ತೆಗೆದಿದ್ದೇವೆ.

ಇನ್ನೊಂದನ್ನು ಒಪ್ಪಿಕೊಳ್ಳಲೇಬೇಕು. ಎರಡು ತಿಂಗಳು ನಮ್ಮ ಪುಟದಲ್ಲಿ "ಈಗ 14 ಜನ ಇದನ್ನು ನೋಡುತ್ತಿದ್ದಾರೆ" ಎಂದು ಬರುತ್ತಿತ್ತು. ಪಕ್ಕದಲ್ಲಿ ಒಂದು ಗಡಿಯಾರ ಇಳಿಯುತ್ತಿತ್ತು. ಮಾರಾಟ ಹೆಚ್ಚುತ್ತದೆ ಎಂದು ಯಾರೋ ಹೇಳಿದ ಪ್ಲಗ್‌ಇನ್ (ವೆಬ್‌ಸೈಟಿಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಅದು. ಆ 14 ಸುಳ್ಳು. ಗಡಿಯಾರ ಸೊನ್ನೆಗೆ ಬಂದರೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು, ಬೆಲೆ ಮಾತ್ರ ಬದಲಾಗುತ್ತಿರಲಿಲ್ಲ. ಇಂಥ ತಂತ್ರಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕಾರರು 2010ರಲ್ಲಿ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟರು. ಕೈಯಲ್ಲಿ ಹೊಲಿದು ಮಾರುವ ನಮ್ಮ ಅಂಗಡಿಯಲ್ಲಿ ಅದು ಕೂತಿತ್ತು ಎಂದು ನೆನೆದರೆ ಈಗಲೂ ಮುಖ ಕೆಂಪಾಗುತ್ತದೆ. ಕಿತ್ತು ಹಾಕಿದ್ದೇವೆ. ಈಗ "ಮೂರೇ ಉಳಿದಿವೆ" ಎಂದು ಕಂಡರೆ, ಕಪಾಟಿನಲ್ಲಿ ಎಣಿಸಿ ಬರೆದಿದ್ದೇವೆ ಎಂದೇ ತಿಳಿಯಿರಿ.

ಇಷ್ಟೆಲ್ಲ ಮಾಡಿದ್ದು ಹೊಸಬರಿಗಾಗಿ, ಹಳಬರನ್ನು ಮರೆತಿರಿ ಎಂದು ಒಬ್ಬರು ಬರೆದಿದ್ದರು. ಮೊದಲರ್ಧ ನಿಜ. ಬಂದವರಲ್ಲಿ ಇನ್ನಷ್ಟು ಜನ ಕೊಳ್ಳದಿದ್ದರೆ ಮೂರು ಜನರ ಈ ಅಂಗಡಿ ಹೀಗೇ ನಡೆಯುವುದು ಕಷ್ಟ. ಆದರೆ ನಿಮ್ಮ ಹೆಸರು ನೋಡಿದ ತಕ್ಷಣ ಗೆರೆಯ ಹಾಳೆಯೋ ಚುಕ್ಕಿಯ ಹಾಳೆಯೋ ಎಂದು ನೆನಪಾಗುವ ಅಭ್ಯಾಸ ಹೋಗಿಲ್ಲ. ಫೋನ್ ನಂಬರ್ ಈಗ ಪ್ರತಿ ಪುಟದ ಮೇಲೂ ಇದೆ. ಎತ್ತುವುದು ನಾವೇ, ಬೇರೆ ಯಾರೂ ಇಲ್ಲ. ಸೂಜಿ ಕೈಯಲ್ಲಿದ್ದಾಗ ಎತ್ತಲು ಆಗದಿದ್ದರೆ ಅವತ್ತೇ ಸಂಜೆ ತಿರುಗಿ ಮಾಡುತ್ತೇವೆ.

ಬಿಲ್ಲಿನ ಫೋಟೋ ಕಳಿಸಿದವರಿಗೆ ಮಾತ್ರ: ಬೈದು ಮುಗಿಸಿದ ಮೇಲೆ ಕೊನೆಯಲ್ಲಿ ನೀವು ಕೇಳಿದ್ದ ಗೆರೆಯಿಲ್ಲದ ನೋಟ್‌ಬುಕ್ ಮತ್ತೆ ಹೊಲಿಯುತ್ತಿದ್ದೇವೆ. ಬರುವ ವಾರ ಪುಟದಲ್ಲಿ ಕಾಣುತ್ತದೆ. ಒಂದನ್ನು ನಿಮಗೆಂದು ತೆಗೆದಿಟ್ಟಿರುತ್ತೇವೆ.

ಇಂತಿ,
ನೋಟ್‌ಬುಕ್ ಹೊಲಿಯುವ ನಾವು ಮೂವರು