ಡಿವಿಲಿಯರ್ಸ್: ಹೆಸರು ಫ್ರಾನ್ಸಿನದು, ವಂಶ ಬೆಳೆದದ್ದು ಕೇಪ್‌ನಲ್ಲಿ

ಮಾನ್ಯ ಸಂಪಾದಕರೇ,

ವಿದೇಶಿ ಕ್ರಿಕೆಟಿಗರ ಮನೆತನದ ಹೆಸರುಗಳ ಬಗ್ಗೆ ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಬಂದ ಬರಹವನ್ನೂ, ಅದಕ್ಕೆ ಪ್ರತಿಕ್ರಿಯೆಯಾಗಿ ಓದುಗರ ಅಂಕಣದಲ್ಲಿ ಪ್ರಕಟವಾದ ಪತ್ರವನ್ನೂ ಆಸಕ್ತಿಯಿಂದ ಓದಿದೆ. ದಕ್ಷಿಣ ಆಫ್ರಿಕಾದ ಎ.ಬಿ. ಡಿವಿಲಿಯರ್ಸ್ ಅವರದು ಡಚ್ ಮೂಲದ ಹೆಸರು ಎಂದು ಬರಹದಲ್ಲಿತ್ತು. ಅದು ಫ್ರೆಂಚ್ ಹೆಸರೆಂದು ಪತ್ರ ಬರೆದವರು ಸರಿಯಾಗಿಯೇ ತಿದ್ದಿದರು. ಆದರೆ ಅಷ್ಟಕ್ಕೇ ನಿಲ್ಲದೆ, ಹೆಸರಿನ ಮೊದಲಿಗೆ ‘ದ’ (ನಾವು ‘ಡಿ’ ಎನ್ನುವುದು) ಇರುವುದರಿಂದ ಅವರು ಕುಲೀನ ಮನೆತನದವರೆಂದೂ, ಫಾಫ್ ಡುಪ್ಲೆಸಿ ಅವರಂತೂ 17ನೇ ಶತಮಾನದಲ್ಲಿ ಫ್ರಾನ್ಸಿನ ಪ್ರಧಾನ ಮಂತ್ರಿಯಾಗಿದ್ದ ಕಾರ್ಡಿನಲ್ ರಿಶಲ್ಯೂವಿನ ವಂಶಸ್ಥರೆಂದೂ ಸೇರಿಸಿದರು. ಬರಹದ ತಪ್ಪು ಸಣ್ಣದು, ಒಂದು ಸಾಲಿನಲ್ಲಿ ಸರಿಹೋಗುವಂಥದು. ಪತ್ರದ ತಪ್ಪಿಗೆ ಸ್ವಲ್ಪ ಹೆಚ್ಚು ಜಾಗ ಬೇಕು. ಏಕೆಂದರೆ ಫ್ರಾನ್ಸಿನಲ್ಲಿ ಹೆಸರು ಒಂದೇ ಎಂಬುದರಿಂದ ರಕ್ತಸಂಬಂಧ ಸಾಬೀತಾಗುವುದಿಲ್ಲ, ದಕ್ಷಿಣ ಆಫ್ರಿಕಾದಲ್ಲಿ ಮಾತ್ರ ಅದೇ ಹೆಸರಿಗೆ ಬೇರೆಯೇ ತೂಕವಿದೆ.

ಫ್ರೆಂಚರು ‘ವಿಲಿಯೇ’ ಎಂದು ಉಚ್ಚರಿಸುವ ಈ ‘ವಿಲಿಯರ್ಸ್’ ಹೆಸರು ಮೂಲದಲ್ಲಿ ಊರಿನ ಹೆಸರು. ದೊಡ್ಡ ಜಮೀನಿಗೆ ಸೇರಿದ ಒಕ್ಕಲು ಮನೆಗಳ ಗುಂಪಿಗೆ ಲ್ಯಾಟಿನ್ನಿನಲ್ಲಿ ಇದ್ದ ಪದವೇ ಹಳ್ಳಿಗಳ ಹೆಸರಾಗಿ ಉಳಿಯಿತು. ಪ್ಯಾರಿಸ್ಸಿನ ಸುತ್ತಮುತ್ತಲೇ ವಿಲಿಯೇ-ಲ-ಬೆಲ್, ವಿಲಿಯೇ-ಸುರ್-ಮಾರ್ನ್ ಎಂಬ ಊರುಗಳಿವೆ. ದೇಶವಿಡೀ ಎಣಿಸಿದರೆ ಇಂಥವು ಹತ್ತಾರು. ಮಕ್ಕಳ ದೀಕ್ಷಾಸ್ನಾನವನ್ನು ಚರ್ಚುಗಳು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕೆಂದು 1539ರಲ್ಲಿ ದೊರೆ ಮೊದಲನೇ ಫ್ರಾನ್ಸ್ವಾ ಆಜ್ಞೆ ಹೊರಡಿಸಿದ ವಿಲೆರ್-ಕೊತ್ರೆ ಎಂಬ ಪಟ್ಟಣದ ಹೆಸರಿನಲ್ಲಿ ಇರುವುದೂ ಇದೇ ಮೂಲಪದ. ಫ್ರಾನ್ಸಿನ ಮನೆತನದ ಹೆಸರುಗಳನ್ನು ಹಿಂದಕ್ಕೆ ಹಿಡಿದು ಹೋಗಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಆ ಪುಸ್ತಕಗಳಿಂದಲೇ.

ಮನೆತನದ ಹೆಸರುಗಳು ಅಲ್ಲಿ ತಂದೆಯಿಂದ ಮಗನಿಗೆ ಇಳಿಯುವ ಪದ್ಧತಿ ಬೇರೂರಿದ್ದು ಹೆಚ್ಚುಕಡಿಮೆ 11ರಿಂದ 13ನೇ ಶತಮಾನದ ನಡುವೆ. ಊರಲ್ಲೇ ಇದ್ದವನನ್ನು ಯಾರೂ ಆ ಊರಿನ ಹೆಸರು ಹಿಡಿದು ಕರೆಯುವುದಿಲ್ಲ, ಅಲ್ಲಿ ಎಲ್ಲರೂ ಆ ಊರಿನವರೇ. ಊರು ಬಿಟ್ಟು ಮತ್ತೊಂದು ಕಡೆ ಬದುಕು ಕಟ್ಟಿಕೊಂಡವನಿಗೆ ಅದು ಅಂಟಿಕೊಳ್ಳುತ್ತಿತ್ತು. ಅವನು ಆ ಊರಿನ ಒಡೆಯನೂ ಆಗಿರಬಹುದು, ಚಮ್ಮಾರನೂ ಆಗಿರಬಹುದು. ‘ದ’ ಎಂಬುದು ‘ಅಲ್ಲಿಯವನು’ ಎಂಬುದನ್ನಷ್ಟೇ ಹೇಳುತ್ತದೆ. ಅದನ್ನು ಕುಲೀನತೆಯ ಮುದ್ರೆಯೆಂದು ತಿಳಿಯುವುದು ಫ್ರೆಂಚರಲ್ಲೂ ಇರುವ ಹಳೆಯ ಭ್ರಮೆ. ನಮ್ಮ ಉತ್ತರ ಕರ್ನಾಟಕದಲ್ಲಿ ಹಿರೇಮಠ ಎಂಬ ಅಡ್ಡಹೆಸರಿನವರೆಲ್ಲ ಒಂದೇ ಮನೆಯವರೆಂದು ಯಾರೂ ಹೇಳುವುದಿಲ್ಲವಲ್ಲ, ಹಿರೇಮಠವಿದ್ದ ಊರುಗಳೆಷ್ಟೋ ಅಷ್ಟು ಮನೆತನಗಳು, ಇದೂ ಹಾಗೆಯೇ.

ಡುಪ್ಲೆಸಿ ಎಂಬ ಹೆಸರಿನ ಕಥೆಯೂ ಬೇರೆಯಲ್ಲ. ಕೊಂಬೆಗಳನ್ನು ಹೆಣೆದು ಹಾಕಿದ ಬೇಲಿಯೊಳಗಿನ ಆವರಣಕ್ಕೆ ‘ಪ್ಲೆಸಿ’ ಎನ್ನುತ್ತಿದ್ದರು, ಆ ಹೆಸರಿನ ಊರುಗಳೂ ಫ್ರಾನ್ಸಿನಲ್ಲಿ ಬೇಕಾದಷ್ಟಿವೆ. ರಿಶಲ್ಯೂವಿನ ಪೂರ್ಣ ಹೆಸರು ಆರ್ಮಾಂ ಜಾಂ ದ್ಯು ಪ್ಲೆಸಿ ಎಂಬುದು ನಿಜ. ದಕ್ಷಿಣ ಆಫ್ರಿಕಾದ ಕೇಪ್‌ಗೆ 1688ರಲ್ಲಿ ‘ಓಸ್ಟರ್‌ಲಾಂಡ್’ ಹಡಗಿನಲ್ಲಿ ಬಂದಿಳಿದ ಶಸ್ತ್ರವೈದ್ಯ ಜಾಂ ಪ್ರಿಯೊರ್ ದ್ಯು ಪ್ಲೆಸಿ ಪ್ವಾತಿಯೇ ನಗರದವನು, ರಿಶಲ್ಯೂವಿನ ಮನೆತನವೂ ಅದೇ ಸೀಮೆಯದು ಎಂಬುದೂ ನಿಜ. ಪತ್ರ ಬರೆದವರು ಎಡವಿದ್ದು ಇಲ್ಲೇ ಇರಬೇಕು. ಸೀಮೆ ಒಂದು, ಹೆಸರು ಒಂದು ಎಂದಮಾತ್ರಕ್ಕೆ ವಂಶ ಒಂದಾಗಲು ನಡುವಿನ ತಲೆಮಾರುಗಳ ದಾಖಲೆ ಬೇಕು, ಹೋಲಿಕೆಯೊಂದೇ ಸಾಲದು.

ಈ ಎರಡು ಹೆಸರುಗಳು ಮುಖಾಮುಖಿಯಾದ ಸಂದರ್ಭವೊಂದು ಇತಿಹಾಸದಲ್ಲಿ ಇದೆ, ಪತ್ರದಲ್ಲಿ ಅದರ ಪ್ರಸ್ತಾಪವಿಲ್ಲದ್ದು ನನಗೆ ಆಶ್ಚರ್ಯ ತಂದಿತು. ಪಶ್ಚಿಮ ಕರಾವಳಿಯ ಲಾ ರೊಶೆಲ್ ನಗರವು ಹ್ಯೂಗನೋಗಳ, ಎಂದರೆ ಫ್ರೆಂಚ್ ಪ್ರೊಟೆಸ್ಟಂಟರ, ಭದ್ರಕೋಟೆಯಾಗಿತ್ತು. ಅದನ್ನು 1627ರಲ್ಲಿ ಮುತ್ತಿದವನು ದ್ಯು ಪ್ಲೆಸಿ ರಿಶಲ್ಯೂ. ಹ್ಯೂಗನೋಗಳ ನೆರವಿಗೆಂದು ಇಂಗ್ಲೆಂಡಿನಿಂದ ನೌಕಾಪಡೆ ತಂದು, ಎದುರಿನ ರೇ ದ್ವೀಪದಲ್ಲಿ ಸೋತು ಹಿಂದಿರುಗಿದವನು ಬಕಿಂಗ್‌ಹ್ಯಾಮ್ ಡ್ಯೂಕ್ ಜಾರ್ಜ್ ವಿಲಿಯರ್ಸ್. ಸಮುದ್ರದ ಕಡೆಯಿಂದ ದವಸ ಬಾರದಂತೆ ರಿಶಲ್ಯೂ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಕಟ್ಟೆ ಕಟ್ಟಿಸಿದ. 1628ರ ಅಕ್ಟೋಬರಿನಲ್ಲಿ ನಗರ ಶರಣಾದಾಗ ಸುಮಾರು 27,000 ಜನರಲ್ಲಿ ಉಳಿದವರು 5,000ದಷ್ಟು. ಇದೇ ಲಾ ರೊಶೆಲ್ ಕಡೆಯಿಂದಲೇ ಎರಡು ತಲೆಮಾರಿನ ನಂತರ ದ ವಿಲಿಯೇ ಸಹೋದರರು ದೇಶ ಬಿಟ್ಟರು. ಹಾಗೆಂದು ಡ್ಯೂಕನಿಗೂ ಈ ಸಹೋದರರಿಗೂ ನಂಟು ಕಲ್ಪಿಸಲು ನಾನು ಹೊರಟಿಲ್ಲ, ಹೊರಟರೆ ಪತ್ರಲೇಖಕರನ್ನು ತಿದ್ದುವ ಹಕ್ಕು ನನಗಿರುವುದಿಲ್ಲ.

ಪ್ರೊಟೆಸ್ಟಂಟರಿಗೆ 1598ರ ನಾಂತ್ ಶಾಸನ ಕೊಟ್ಟಿದ್ದ ರಕ್ಷಣೆಯನ್ನು ಹದಿನಾಲ್ಕನೇ ಲೂಯಿ 1685ರ ಅಕ್ಟೋಬರಿನಲ್ಲಿ ರದ್ದುಪಡಿಸಿದ. ಮತ ಬಿಡಬೇಕು, ದೇಶವನ್ನಂತೂ ಬಿಡಕೂಡದು, ಬಿಟ್ಟು ಓಡುವಾಗ ಸಿಕ್ಕಿಬಿದ್ದ ಗಂಡಸರಿಗೆ ಹುಟ್ಟು ಹಾಕುವ ಹಡಗುಗಳಲ್ಲಿ ಜೀತ ಎಂಬುದು ಆಜ್ಞೆಯ ಸಾರ. ಆದರೂ ಒಂದೂವರೆಯಿಂದ ಎರಡು ಲಕ್ಷದಷ್ಟು ಜನ ಗಡಿ ದಾಟಿದರೆಂದು ಇತಿಹಾಸಕಾರರ ಅಂದಾಜು. ಹಾಲೆಂಡಿಗೆ ಹೋದವರಲ್ಲಿ ಕೆಲವರನ್ನು ಡಚ್ ಈಸ್ಟ್ ಇಂಡಿಯಾ ಕಂಪನಿಯು ಆಫ್ರಿಕಾದ ದಕ್ಷಿಣ ತುದಿಯ ತನ್ನ ಕೇಪ್ ನೆಲೆಗೆ ಕಳಿಸಿತು. ಭಾರತದ ಕಡೆಗೆ ಹೋಗುವ ಹಡಗುಗಳಿಗೆ ಗೋಧಿ, ತರಕಾರಿ, ವೈನ್ ಒದಗಿಸಲು ಅಲ್ಲಿ ಕೃಷಿಕರು ಬೇಕಾಗಿದ್ದರು. ಹೀಗೆ ಹೋದ ಹ್ಯೂಗನೋಗಳು ಒಟ್ಟಾರೆ 200ರ ಆಸುಪಾಸು.

ಪಿಯರ್, ಅಬ್ರಹಾಮ್, ಜಾಕ್ ಎಂಬ ಮೂವರು ದ ವಿಲಿಯೇ ಸಹೋದರರು ‘ಜಿಯೋನ್’ ಹಡಗಿನಲ್ಲಿ ಕೇಪ್ ತಲುಪಿದ್ದು 1689ರ ಮೇ ತಿಂಗಳಲ್ಲಿ. ಕಂಪನಿಯ ಡೆಲ್ಫ್ಟ್ ಶಾಖೆಯು ಕೇಪ್‌ನ ಅಧಿಕಾರಿ ಸೈಮನ್ ವಾನ್ ಡೆರ್ ಸ್ಟೆಲ್‌ಗೆ ಇವರ ಬಗ್ಗೆ ಶಿಫಾರಸು ಪತ್ರ ಬರೆದಿತ್ತು: ದ್ರಾಕ್ಷಿ ತೋಟ ಹಾಕುವುದನ್ನೂ ನೋಡಿಕೊಳ್ಳುವುದನ್ನೂ ಚೆನ್ನಾಗಿ ಬಲ್ಲವರು, ಬೇಕಾದ ನೆರವು ನೀಡುವುದು ಎಂದು. ಕೇಪ್ ಟೌನ್‌ಗೆ ಪೂರ್ವದ ಕಣಿವೆಯಲ್ಲಿ, ಮುಂದೆ ‘ಫ್ರೆಂಚರ ಮೂಲೆ’ ಎಂಬರ್ಥದ ಫ್ರಾನ್ಸ್‌ಹುಕ್ ಎಂಬ ಹೆಸರು ಪಡೆದ ಜಾಗದಲ್ಲಿ, ಇವರಿಗೆ ಜಮೀನು ಸಿಕ್ಕಿತು. ತಮ್ಮ ತೋಟಗಳಿಗೆ ಬುರ್ಗೋನ್, ಶಾಂಪೇನ್, ಲಾ ಬ್ರಿ ಎಂದು ತಾವು ಬಿಟ್ಟುಬಂದ ದೇಶದ ಸೀಮೆಗಳ ಹೆಸರನ್ನೇ ಇಟ್ಟುಕೊಂಡರು. ಅಬ್ರಹಾಮ್ ಮತ್ತು ಜಾಕ್ ಮದುವೆಯಾದದ್ದು ಗಾರ್ದಿಯೋಲ್ ಮನೆತನದ ಅಕ್ಕತಂಗಿಯರನ್ನು.

ಫ್ರಾನ್ಸಿನಲ್ಲಿ ಮಾರ್ತೆಂ ಎಂಬ ಹೆಸರಿನವರು ಸಿಕ್ಕಷ್ಟು ಸುಲಭವಾಗಿ ಇಂದು ದ ವಿಲಿಯೇಗಳು ಸಿಗುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಈ ಹೆಸರು ಮನೆಮಾತು. ಭೂಮಿ ಧಾರಾಳ, ಹತ್ತಕ್ಕೂ ಹೆಚ್ಚು ಮಕ್ಕಳ ಮನೆಗಳು ಅಪರೂಪವಲ್ಲ, ಹೊರಗಿನಿಂದ ಹೊಸ ಹೆಸರುಗಳು ಬರುವುದು ಕಡಿಮೆ. ಮೂಲಪುರುಷರು ಬೆರಳೆಣಿಕೆಯಷ್ಟಿದ್ದಾಗ ಒಂದೊಂದು ಹೆಸರೂ ಹೀಗೆ ಹಬ್ಬುತ್ತದೆ. 1830ರ ದಶಕದಲ್ಲಿ ಬೋಯರರು, ಎಂದರೆ ಡಚ್ ಮಾತಿನ ಬಿಳಿಯ ರೈತರು, ಎತ್ತಿನ ಬಂಡಿ ಹೂಡಿ ಒಳನಾಡಿಗೆ ಹೊರಟಾಗ ಇಂಥ ಹ್ಯೂಗನೋ ಹೆಸರುಗಳೂ ಉತ್ತರಕ್ಕೆ ಹೋದವು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣವು ‘ಎಬಿಡಿ’ ಎಂದು ಕೂಗಿ ಕರೆದ, 17ನೇ ಸಂಖ್ಯೆಯ ಅಂಗಿಯನ್ನು ಬೆಂಗಳೂರು ತಂಡ ಇನ್ನಾರಿಗೂ ಕೊಡದೆ ಮೀಸಲಿಟ್ಟ ಆ ಆಟಗಾರ ಬೆಳೆದ ವಾರ್ಮ್‌ಬಾಡ್ (ಈಗಿನ ಬೇಲಾ-ಬೇಲಾ) ಊರು ಫ್ರಾನ್ಸ್‌ಹುಕ್‌ನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದೆ. ಎ.ಬಿ. ಎಂದರೆ ಅಬ್ರಹಾಮ್ ಬೆಂಜಮಿನ್. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಆಫ್ರಿಕಾನರ್ (ಬೋಯರರ ವಂಶದ ಬಿಳಿಯರ) ಪದ್ಧತಿಯಿಂದಾಗಿ ಹಳೆಯ ಹೆಸರುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಅಲ್ಲಿ ಸಾಮಾನ್ಯ.

ಹೆಸರು ಹಬ್ಬಿತು, ಭಾಷೆ ಅಳಿಯಿತು. ಕಂಪನಿಯು ಫ್ರೆಂಚರನ್ನು ಒಂದೆಡೆ ಗುಂಪಾಗಿರಲು ಬಿಡದೆ ಡಚ್ಚರ ನಡುವೆ ನೆಲೆಗೊಳಿಸಿತು, ಶಾಲೆಯಲ್ಲೂ ಚರ್ಚಿನಲ್ಲೂ ಡಚ್ ಭಾಷೆಯನ್ನು ಮುಂದೆ ಮಾಡಿತು. 1751ರಲ್ಲಿ ಕೇಪ್‌ಗೆ ಬಂದ ಫ್ರೆಂಚ್ ಖಗೋಳಜ್ಞ ಲಕೈ ಅವರಿಗೆ ಫ್ರೆಂಚ್ ಮಾತನಾಡಲು ವಯಸ್ಸಾದವರಷ್ಟೇ ಸಿಕ್ಕರು. ಕೆಲವು ಹೆಸರುಗಳ ಅಕ್ಷರವೇ ಮಾರ್ಪಟ್ಟಿತು: ವಿಲಿಯೋಂ ಫಿಲ್ಯೂನ್ ಆಯಿತು, ಕ್ರೊನಿಯೇ ಕ್ರೋನ್ಯೇ ಆಯಿತು. ದ ವಿಲಿಯೇ ಮಾತ್ರ ಬರಹದಲ್ಲಿ ಹಾಗೆಯೇ ಉಳಿದು ಬಾಯಲ್ಲಿ ಬದಲಾಯಿತು. ಡಚ್ಚಿನಿಂದ ಬೆಳೆದ ಅಲ್ಲಿನ ಆಫ್ರಿಕಾನ್ಸ್ ಭಾಷೆ ಆಡುವವರು ‘ದ ಫಿಲ್ಯೇ’ ಎನ್ನುತ್ತಾರೆ. ಮೊದಲ ವ್ಯಂಜನ ಡಚ್ಚರದಾದರೂ ಕೊನೆಯ ಎರಡು ಅಕ್ಷರಗಳನ್ನು ಫ್ರೆಂಚರಂತೆ ನುಂಗಿಬಿಡುತ್ತಾರೆ. ನಾವು ಬರೆಯುವ ‘ಡಿವಿಲಿಯರ್ಸ್’ ಇಂಗ್ಲಿಷ್ ಕಾಗುಣಿತವನ್ನು ನೋಡಿ ಓದಿದ್ದು. ರೂಢಿಯಾಗಿದೆ, ಇರಲಿ.

ಕೇಪ್‌ನಲ್ಲಿ ಹೆಸರಿಗೆ ಬೇರೆ ತೂಕವಿದೆ ಎಂದೆನಲ್ಲ, ಅದಕ್ಕೆ ಆಧಾರ ಅಲ್ಲಿನ ಚರ್ಚುಗಳ ಮದುವೆ ಮತ್ತು ದೀಕ್ಷಾಸ್ನಾನದ ಪುಸ್ತಕಗಳು. ಅವನ್ನು ಪುಟಪುಟವಾಗಿ ಶೋಧಿಸಿ ಹಳೆಯ ಕೇಪ್ ಕುಟುಂಬಗಳ ವಂಶಾವಳಿಯನ್ನು ಸಿದ್ಧಪಡಿಸಿದವರು ಕ್ರಿಸ್ಟೋಫೆಲ್ ಕುಟ್ಸೇ ದ ಫಿಲ್ಯೇ, ಅದೇ ಮನೆತನದವರು. 1887ರಲ್ಲಿ ಅವರು ತೀರಿಕೊಂಡ ಮೇಲೆ ಇತಿಹಾಸಕಾರ ಜಾರ್ಜ್ ಮೆಕಾಲ್ ತೀಲ್ ಆ ಕೆಲಸವನ್ನು ಪೂರ್ತಿಗೊಳಿಸಿದರು. 1893-94ರಲ್ಲಿ ಅದು ಮೂರು ಸಂಪುಟಗಳಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾ ಒಕ್ಕೂಟದ ಮೊದಲ ಮುಖ್ಯ ನ್ಯಾಯಮೂರ್ತಿ ಜಾನ್ ಹೆನ್ರಿ, ಅಲ್ಲಿನ ಈಗಿನ ರಾಷ್ಟ್ರಗೀತೆಯ ಉತ್ತರಾರ್ಧಕ್ಕೆ ಧಾಟಿ ಹಾಕಿದ ಪಾದ್ರಿ ಮಾರ್ಟಿನಸ್ ಲೌರೆನ್ಸ್ ಕೂಡ ದ ಫಿಲ್ಯೇಗಳೇ.

ಆದರೆ ಇಂಥ ವಂಶಾವಳಿ ಗಂಡಸರ ಸಾಲನ್ನು ಮಾತ್ರ ತೋರಿಸುತ್ತದೆ. ಕೇಪ್‌ಗೆ ಗುಲಾಮರಾಗಿ ಒಯ್ಯಲ್ಪಟ್ಟವರಲ್ಲಿ ಭಾರತದವರೂ ಬಹಳ ಮಂದಿ ಇದ್ದರು. ಅವರಿಗೆ ‘ವಾನ್ ಬೆಂಗಾಲೆ’, ‘ವಾನ್ ಮಲಬಾರ್’ ಎಂದು ಊರು ಸೀಮೆಯ ಗುರುತೇ ಹೆಸರಾಯಿತು, ಅದು ಮಕ್ಕಳಿಗೆ ದಾಟಲಿಲ್ಲ. ಬಂಗಾಳದ ಆಂಜೆಲಾ ಬಿಡುಗಡೆಯಾಗಿ 1669ರಲ್ಲಿ ಬಾಸೊನ್ ಎಂಬುವನನ್ನು ಮದುವೆಯಾದಳು. ಅನೇಕ ಆಫ್ರಿಕಾನರ್ ಕುಟುಂಬಗಳು ಆಕೆಯ ಸಂತತಿ. ತಂದೆಯ ಹೆಸರೊಂದನ್ನೇ ಹಿಡಿದು ಹೊರಟವರಿಗೆ ಆಕೆ ಕಾಣುವುದೇ ಇಲ್ಲ. ಬಿಳಿಯರಲ್ಲದ ಕುಟುಂಬಗಳಲ್ಲೂ ಇಂದು ದ ಫಿಲ್ಯೇ ಎಂಬ ಹೆಸರಿದೆ.

ಆದ್ದರಿಂದ ತಾವು ತಿದ್ದುಪಡಿ ಪ್ರಕಟಿಸುವುದಾದರೆ ‘ಡಚ್ ಅಲ್ಲ, ಫ್ರೆಂಚ್’ ಎಂದಷ್ಟೇ ಹಾಕದೆ, ‘1689ರಲ್ಲಿ ಕೇಪ್‌ನಲ್ಲಿ ನೆಲೆಸಿದ ಫ್ರೆಂಚ್ ಪ್ರೊಟೆಸ್ಟಂಟ್ ಮನೆತನದ ಹೆಸರು’ ಎಂದು ಹಾಕಬೇಕೆಂದು ವಿನಂತಿ. ರಿಶಲ್ಯೂವಿನ ವಂಶದ ಮಾತನ್ನು ಕೈಬಿಡುವುದೇ ಲೇಸು.

ಇತಿ,
ತಮ್ಮ ಪತ್ರಿಕೆಯ ಓದುಗ,
ಧಾರವಾಡ